ಶಿಲುಬೆ ಮುಟ್ಟಿಸಿ ಪಡೆದ ಆಣೆ

ಶುಕ್ರವಾರ ಸಂಜೆ ಏಳೂವರೆ ಗಂಟೆ. ಬೋಳಾರದ ಫ್ಲೋರಿನ್ ಬಾಯಿಯ ಮನೆಯಲ್ಲಿ ಸೇರಿದ್ದ ನೆರೆಕರೆಯವರೆಲ್ಲ ಶಿಲುಬೆ ಮುಟ್ಟಿ, ವಿಲ್ಸನ್ ಎಂಬ ಅಭ್ಯರ್ಥಿಗೇ ಮತ ಹಾಕುವುದಾಗಿ ಆಣೆ ಮಾಡಿದರು.

ಮತದಾನ ಬರುವ ಬುಧವಾರ. ಮೇ ತಿಂಗಳೆಂದರೆ ಮಾತೆ ಮರಿಯಮ್ಮನ ತಿಂಗಳು. ಅವಳ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ. ಆ ದಿನ ಫ್ಲೋರಿನ್ ಬಾಯಿಯ ಸರದಿ. ಕೊಂಕಣಿಯಲ್ಲಿ ತೇರ್ಸ್ ಎನ್ನುವ ಜಪಮಾಲೆ ಪ್ರಾರ್ಥನೆ ಮುಗಿದಿತ್ತು. ಬೇಯಿಸಿದ ಕಡಲೆಯ ಪಾತ್ರೆ ಇನ್ನೇನು ಹೊರಗೆ ಬರಬೇಕು, ವಿಲ್ಸನ್ ಪರ ಓಡಾಡುತ್ತಿದ್ದ ಗೇವಿನ್ ಎದ್ದು ದೇವರ ಪೀಠದ ಮೇಲಿದ್ದ ಶಿಲುಬೆಯನ್ನು ಕೈಗೆತ್ತಿಕೊಂಡ.

"ಒಂದು ನಿಮಿಷ ಎಲ್ಲರೂ. ಮತಾಂತರ ನಿಷೇಧ ಕಾನೂನು ಹೋಗ್ಬೇಕಾದ್ರೆ ನಮ್ಮವರೇ ಗೆಲ್ಬೇಕು. ಬೇರೆಯವರಿಗೆ ಹಾಕುದು ಅಂದ್ರೆ ಯೇಸುವಿಗೆ ಬೆನ್ನು ತಿರುಗಿಸಿದ ಹಾಗೆ. ಅಂಥವರು ಕಮ್ಯುನಿಯನ್‌ಗೆ ಹೋಗುವ ಹಾಗಿಲ್ಲ. ಮುಟ್ಟಿ ಹೇಳಿ."

ಅದು ಅಂಗಡಿಯಿಂದ ನಿನ್ನೆ ತಂದ ಶಿಲುಬೆಯಲ್ಲ. ಫ್ಲೋರಿನ್ ಬಾಯಿಯ ಅತ್ತೆ ಕೊನೆಯುಸಿರೆಳೆಯುವಾಗ ಅವರ ಕೈಗೆ ಹಿಡಿಸಿದ್ದ ಶಿಲುಬೆ. ಮಾತೆಯ ಎದುರು, ನೆರೆಯವರ ಎದುರು ಕೈ ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆ? ಒಬ್ಬರ ಹಿಂದೆ ಒಬ್ಬರು ಮುಟ್ಟಿದರು. ಫ್ಲೋರಿನ್ ಬಾಯಿಯೂ ಮುಟ್ಟಿದರು.

ಅವರು ಮನಸ್ಸಿನಲ್ಲಿ ಆಗಲೇ ಚಂಪಾ ಎಂಬ ಅಭ್ಯರ್ಥಿಯನ್ನು ಆರಿಸಿಕೊಂಡಿದ್ದರು. ಕಳೆದ ಮಳೆಗಾಲದಲ್ಲಿ ನದಿ ಬದಿಯ ವಲಸೆ ಕಾರ್ಮಿಕರ ಶೆಡ್ ಕೆಡವಲು ಜೆಸಿಬಿ ಬಂದಾಗ ಅದರ ಮುಂದೆ ನೆನೆಯುತ್ತಾ ನಿಂತವರು ಚಂಪಾ. "ಹೊರಗಿನವರು ಹೊರಡಲಿ" ಎಂದು ಭಾಷಣ ಮಾಡಿದವರು ವಿಲ್ಸನ್. ಮನೆಯಿಲ್ಲದವರಿಗೆ ಬಾಗಿಲು ತೆರೆಯಬೇಕೆಂದು ಚರ್ಚಿನಲ್ಲಿ ಕೇಳಿಯೇ ಬೆಳೆದ ಫ್ಲೋರಿನ್ ಬಾಯಿಗೆ ಅದು ಮರೆತುಹೋಗಿರಲಿಲ್ಲ.

ಚರ್ಚಿನ ಭಾನುವಾರದ ಪೂಜೆಯಲ್ಲಿ ಪವಿತ್ರ ರೊಟ್ಟಿ ಸ್ವೀಕರಿಸುವ ಕಮ್ಯುನಿಯನ್ ಸಾಲಿಗೆ ಎಲ್ಲರೂ ಎದ್ದರು. ಫ್ಲೋರಿನ್ ಬಾಯಿ ಬೆಂಚಿನಲ್ಲೇ ಉಳಿದರು.

ಅವರ ಗಂಡ ಸಿಪ್ರಿಯನ್‌ನ ತಂಗಿಯ ಮಗಳು ಅಶ್ಮಿತಾ ಇದನ್ನು ಗಮನಿಸಿದಳು. ಅವಳು ಸರ್ಕಾರಿ ಹೈಸ್ಕೂಲಿನ ಟೀಚರ್. ಹಿಂದಿನ ಚುನಾವಣೆಯಲ್ಲಿ ಮತಗಟ್ಟೆ ಅಧಿಕಾರಿಯಾಗಿದ್ದವಳು. ಪೂಜೆ ಮುಗಿದದ್ದೇ ಅವರ ಮನೆಗೆ ಬಂದಳು.

"ಎಂತ ಮಾಮಿ, ಸೌಖ್ಯ ಇಲ್ವಾ?"

"ಶರೀರಕ್ಕೆ ಎಂತ ಆಗ್ಲಿಲ್ಲ. ಶಿಲುಬೆ ಮುಟ್ಟಿ ಆಣೆ ಹಾಕಿದ್ದೇನೆ, ಮುರಿಯುವ ಮನಸ್ಸುಂಟು. ಹಾಗಿರುವಾಗ ಹೇಗೆ ಹೋಗುದು? ಬುಧವಾರ ವೋಟಿಗೇ ಹೋಗುದಿಲ್ಲ ನಾನು."

ಪಣಂಬೂರಿನ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದ ಸಿಪ್ರಿಯನ್ ಪತ್ರಿಕೆಯಿಂದ ತಲೆ ಎತ್ತಿದರು. "ಸುಮ್ಮನೆ ದೊಡ್ಡದು ಮಾಡ್ತಾಳೆ. ಆ ಗೇವಿನ್ ಹೇಳಿದ, ಮುಟ್ಟಿ ಆಯ್ತು. ಹಾಕಿ ಬಂದ್ರೆ ಮುಗೀತು. ನಾನು ಆಣೆ ಇಲ್ಲದಿದ್ರೂ ವಿಲ್ಸನ್‌ಗೇ ಹಾಕುವವ."

ನಡೆದದ್ದನ್ನೆಲ್ಲ ಕೇಳಿ ಅಶ್ಮಿತಾಳ ಮುಖ ಕೆಂಪಾಯಿತು. "ಅಜ್ಜಿ ಸಾಯುವಾಗ ಹಿಡಿದ ಶಿಲುಬೆಯನ್ನಾ? ಕ್ಯಾನ್ವಾಸಿಂಗಿಗಾ? ನೀವು ಕೂತು ನೋಡಿದ್ರಾ ಮಾಮ?"

ಸಿಪ್ರಿಯನ್ ಪತ್ರಿಕೆ ಮಡಚಿಟ್ಟರು. ಅಶ್ಮಿತಾ ಮುಂದುವರಿಸಿದಳು.

"ದೇವರು ಸಿಟ್ಟಾಗ್ತಾನೆ, ಧರ್ಮದಿಂದ ಹೊರಗೆ ಹಾಕ್ತಾರೆ ಅಂತ ಹೆದರಿಸಿ ಅಭ್ಯರ್ಥಿಯಾಗಲಿ, ಅವನ ಏಜೆಂಟಾಗಲಿ, ಅವನ ಒಪ್ಪಿಗೆ ಪಡೆದವನಾಗಲಿ ವೋಟು ಕೇಳುವ ಹಾಗಿಲ್ಲ. ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಅದನ್ನು ಭ್ರಷ್ಟ ಆಚರಣೆ ಅಂತ ಹೇಳ್ತದೆ. ಗೆದ್ದ ಮೇಲೂ ಕೋರ್ಟಿನಲ್ಲಿ ಸಾಬೀತಾದ್ರೆ ಆಯ್ಕೆಯೇ ರದ್ದು."

"ಆಚೆಯವರು ಮಾಡುದಿಲ್ವಾ?" ಸಿಪ್ರಿಯನ್ ಕೇಳಿದರು.

"ಮಾಡಿದ್ರೆ ಅದೂ ತಪ್ಪೇ. ಅವರು ತೆಂಗಿನಕಾಯಿ ಮುಟ್ಟಿಸಿದ್ರೂ ಅದೇ ಸೆಕ್ಷನ್."

"ನೀನೊಬ್ಬಳು ದೊಡ್ಡ ಲಾಯರು! ಹಾಗಾದ್ರೆ ನಂಬಿಕೆಯನ್ನು ಚಪ್ಪಲಿಯ ಹಾಗೆ ಬೂತಿನ ಹೊರಗೆ ಬಿಟ್ಟು ಹೋಗ್ಬೇಕಾ?"

"ಯಾರು ಹಾಗೆ ಹೇಳಿದ್ದು? ಒಳಗೇ ತಗೊಂಡು ಹೋಗಿ. ನಾಳೆ ಮನೆಯ ತೇರ್ಸಿಗೂ ಪೊಲೀಸರು ಬಂದಾರು ಅಂತ ನಿಮಗೆ ಹೆದರಿಕೆ. ಅದಕ್ಕೆ ಆ ಕಾನೂನು ಹೋಗ್ಬೇಕು ಅಂತೀರಿ. ಅದು ನ್ಯಾಯದ ಮಾತೇ. ಮಾಮಿಗೆ ಮಳೆಯಲ್ಲಿ ನಿಂತ ಆ ಶೆಡ್ಡಿನ ಮಕ್ಕಳು ಕಾಣ್ತಾರೆ. ಅದೂ ನ್ಯಾಯವೇ. ಒಂದೇ ಬೆಂಚಿನಲ್ಲಿ ಕೂತು ಒಂದೇ ಪ್ರವಚನ ಕೇಳಿದವರು ನೀವಿಬ್ಬರೂ. ಯಾವುದಕ್ಕೆ ಎಷ್ಟು ತೂಕ ಅಂತ ನಿಮ್ಮ ಮನಸ್ಸಾಕ್ಷಿ ಹೇಳ್ಬೇಕು. ಹೇಳ್ಲಿಕ್ಕೆ ಗೇವಿನ್ ಯಾರು ಮಾರಾಯ್ರೇ?"

ಫ್ಲೋರಿನ್ ಬಾಯಿ ಮೆಲ್ಲಗೆ ಕೇಳಿದರು: "ಯಾರು ಯಾರಿಗೆ ಹಾಕಿದ್ರು ಅಂತ ಅವನಿಗೆ ಗೊತ್ತಾಗ್ತದಂತೆ, ಹೌದಾ?"

"ಹಸಿ ಸುಳ್ಳು. ಬೂತಿನಲ್ಲಿ ಯಾರಿಗೆ ಒಟ್ಟು ಎಷ್ಟು ಬಿತ್ತು ಅಂತ ಗೊತ್ತಾಗ್ತದೆ, ಅಷ್ಟೇ. ಬಟನ್ ಒತ್ತಿದ ಮೇಲೆ ಚೀಟಿ ಗಾಜಿನೊಳಗೆ ಏಳು ಸೆಕೆಂಡು ಕಾಣ್ತದೆ. ನಿಮಗೆ ಮಾತ್ರ. ಆಮೇಲೆ ಪೆಟ್ಟಿಗೆಗೆ ಬೀಳ್ತದೆ. ಅದರಲ್ಲಿ ನಿಮ್ಮ ಹೆಸರಿರುದಿಲ್ಲ."

"ಆದ್ರೆ ಆಣೆ?"

ಅದಕ್ಕೆ ಅಶ್ಮಿತಾ ಚರ್ಚಿನ ಫಾದರ್‌ಗೇ ಫೋನ್ ಮಾಡಿ ಸ್ಪೀಕರ್ ಹಾಕಿದಳು. ನಡೆದದ್ದನ್ನು ಕೇಳಿ ಫಾದರ್ ಹೇಳಿದರು:

"ಹೆದರಿಸಿ ಹಾಕಿಸಿದ ಆಣೆ ಆಣೆಯೇ ಅಲ್ಲ ಬಾಯಿ. ಧರ್ಮಸಭೆಯ ಕಾನೂನೇ ಹಾಗೆ ಹೇಳ್ತದೆ. ಯಾರಿಗೆ ಹಾಕ್ಬೇಕು ಅಂತ ನಾನೇ ನಿಮಗೆ ಹೇಳ್ಲಿಲ್ಲ, ಹೇಳುದೂ ಇಲ್ಲ. ಕಮ್ಯುನಿಯನ್ ನಿಲ್ಲಿಸ್ಲಿಕ್ಕೆ ಗೇವಿನ್‌ಗೆ ಅಧಿಕಾರ ಕೊಟ್ಟದ್ದು ಯಾರು?"

ಫೋನ್ ಇಟ್ಟ ಮೇಲೆ ಫ್ಲೋರಿನ್ ಬಾಯಿ ಶಿಲುಬೆಯನ್ನು ಸೆರಗಿನಿಂದ ಒರೆಸಿದರು. ಎರಡು ದಿನ ಎದೆಯ ಮೇಲೆ ಕೂತಿದ್ದ ಹೆದರಿಕೆ ಸಿಟ್ಟಾಗಿ ಏಳುತ್ತಿತ್ತು.

ಆ ಸಂಜೆ ತೇರ್ಸ್ ಪಕ್ಕದ ಲ್ಯಾನ್ಸಿಯ ಮನೆಯಲ್ಲಿ. ಶುಕ್ರವಾರ ಬಾರದಿದ್ದವರೂ ಅಲ್ಲಿದ್ದರು. ಪ್ರಾರ್ಥನೆ ಮುಗಿದದ್ದೇ ಗೇವಿನ್ ಎದ್ದು ಆ ಮನೆಯ ಶಿಲುಬೆಗೆ ಕೈ ಚಾಚಿದ. ಅವನಿಗಿಂತ ಮೊದಲು ಫ್ಲೋರಿನ್ ಬಾಯಿ ಅಲ್ಲಿ ನಿಂತಿದ್ದರು.

"ಮುಟ್ಟಬೇಡ. ಶುಕ್ರವಾರ ನನ್ನ ಮನೆಯಲ್ಲಿ ಮಾಡಿದ್ದು ಸಾಕು."

"ನಿಮಗೆ ಯೇಸು ಬೇಡ್ವಾ ಆಂಟಿ?" ಗೇವಿನ್ ನಗಲು ನೋಡಿದ.

"ಯೇಸು ನಿನ್ನ ಪಾರ್ಟಿಯ ಏಜೆಂಟಲ್ಲ ಮಾರಾಯ! ಸಾಯುವವರಿಗೆ ಧೈರ್ಯ ಕೊಡ್ಲಿಕ್ಕೆ ಹಿಡಿಸುವುದನ್ನು ನೀನು ಬದುಕಿದವರನ್ನು ಹೆದರಿಸ್ಲಿಕ್ಕೆ ಹಿಡಿದೆ. ನಿನ್ನವರು ಒಳ್ಳೆಯವರಾದ್ರೆ ಅವರು ಎಂತ ಮಾಡಿದ್ರು ಅಂತ ಹೇಳು, ಕೇಳ್ತೇವೆ. ಕಾನೂನಿನ ವಿಷಯ ಹೇಳು, ಅದನ್ನೂ ಕೇಳ್ತೇವೆ. ಆದ್ರೆ ಕಮ್ಯುನಿಯನ್ ನಿನ್ನ ಜೇಬಿನಲ್ಲಿಲ್ಲ." ಅವರು ಕೂತವರ ಕಡೆ ತಿರುಗಿದರು. "ಫಾದರ್ ಹೇಳಿದ್ದಾರೆ, ಆ ಆಣೆ ಲೆಕ್ಕಕ್ಕಿಲ್ಲ. ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಿ. ವಿಲ್ಸನ್‌ಗಾದ್ರೂ ಸರಿ."

ಆಗ ಸಿಪ್ರಿಯನ್ ಎದ್ದು ನಿಂತರು. "ನಾನು ವಿಲ್ಸನ್‌ಗೇ ಹಾಕುವವ. ಆದ್ರೆ ಅಮ್ಮನ ಶಿಲುಬೆ ಮುಟ್ಟಿಸಿದ್ದು ತಪ್ಪು. ನೋಡಿ ಸುಮ್ಮನೆ ಕೂತದ್ದು ನನ್ನದೂ ತಪ್ಪು. ನೀನು ಹೊರಡು ಗೇವಿನ್."

ಗೇವಿನ್ ಕಡಲೆ ತಿನ್ನದೆ ಹೊರಟ.

ಓದುಗರೇ, ನಿಮ್ಮ ನಂಬಿಕೆ ನಿಮ್ಮ ಮತಕ್ಕೆ ದಾರಿ ತೋರಿಸಲಿ. ಅದು ನಿಮ್ಮ ಹಕ್ಕು. ಆದರೆ ಶಿಲುಬೆ, ಕುರಾನ್, ತೆಂಗಿನಕಾಯಿ, ಯಾವುದನ್ನೇ ಮುಂದೆ ಹಿಡಿದು ದೇವರ ಹೆಸರಿನಲ್ಲಿ ಹೆದರಿಸಿ ಮತ ಕೇಳಿದರೆ ಅಂಜಬೇಡಿ, ಸುಮ್ಮನಿರಲೂ ಬೇಡಿ. 1950ಕ್ಕೆ ಕರೆ ಮಾಡಿ, ಚುನಾವಣಾಧಿಕಾರಿಗೆ ಬರೆದು ಕೊಡಿ. ಹೆದರಿ ಮನೆಯಲ್ಲಿ ಕೂತರೆ ಗೆಲ್ಲುವವನು ಹೆದರಿಸಿದವನೇ.

ಸೋಮವಾರ ಫ್ಲೋರಿನ್ ಬಾಯಿ ಲಿಖಿತ ದೂರು ಕೊಟ್ಟರು. ಚುನಾವಣಾ ಸಿಬ್ಬಂದಿ ಬಂದು ಹೇಳಿಕೆ ಪಡೆದರು. ಬುಧವಾರ ಗಂಡ ಹೆಂಡತಿ ಜತೆಯಾಗಿ ಹೋಗಿ ಮತ ಹಾಕಿದರು. ಯಾರಿಗೆಂದು ಸಿಪ್ರಿಯನ್ ಕೇಳಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಕಮ್ಯುನಿಯನ್ ಸಾಲಿನಲ್ಲಿ ನಿಂತರು.