ಕಿಟ್ಟದ ಓಣಿಗೆ ಬಂದ ಸಾರೋಟು

"ಲೇ ಈನೋಕ್, ಹಗ್ಗ ಹಿಡಿಯೋ ಬೋಳಿಮಗನೇ. ಒಂದು ಕೈ ಸುಟ್ಟಿದ್ರೆ ಇನ್ನೊಂದು ಸತ್ತೋಗಿದ್ಯಾ?"

ರೈಲ್ವೆ ಸ್ಟೇಷನ್ ಮುಂದೆ ಮೇಸ್ತ್ರಿ ಬ್ಯಾಗ್ಲಿ ಗಂಟಲು ಹರಿದುಕೊಳ್ಳುತ್ತಿದ್ದ. ಲಂಡನ್ನಿಗೆ ಹೋಗಿ 'ಸರ್' ಪದವಿ ಹೊತ್ತು ತಂದಿದ್ದ ಆಂಬ್ರೋಸ್ ಪೆಲ್ ಸಾರೋಟಿನಲ್ಲಿ ಕೂತು ಮೀಸೆ ನೇವರಿಸುತ್ತಿದ್ದ. ತಾತ ಕಟ್ಟಿ, ಅಪ್ಪ ಬೆಳೆಸಿದ ಕಬ್ಬಿಣದ ಕಾರ್ಖಾನೆಗೆ ಈಗ ಇವನೇ ಧಣಿ. ಆ ಮನೆತನದವರು ಏನಾದರೂ ಗೆದ್ದು ಬಂದರೆ, ಕುದುರೆ ಬಿಚ್ಚಿ ಕೆಲಸದವರೇ ಸಾರೋಟು ಎಳೆದು ಬಂಗಲೆ ಮುಟ್ಟಿಸಬೇಕು. ಪ್ರೀತಿಯಿಂದ ಎಳೆದರು ಎಂದು ಪೇಪರಿನವರು ಬರೆಯುತ್ತಾರೆ. ಎಳೆಯದವನಿಗೆ ಮರುದಿನ ಕೆಲಸವಿಲ್ಲ.

ಈನೋಕನ ಹೆಂಡತಿ ಡಾರ್ಕಸ್, ಅದಿರು ಒಡೆಯುವವಳು, ಗಂಡನ ಕೈಯಿಂದ ಹಗ್ಗ ಕಿತ್ತುಕೊಂಡಳು. "ಕಾದ ಕಬ್ಬಿಣ ಬಿದ್ದ ಕೈ ಮೇಸ್ತ್ರಿ. ನಾನೇ ಎಳೀತೀನಿ ಬಿಡಿ."

"ಎಳಿ ತಾಯಿ, ಎಳಿ. ಎಳೆದು ಮನೆ ಖಾಲಿ ಮಾಡು. ದುಡಿಯೋ ಕೈ ಇಲ್ದೋನಿಗೆ ಕಂಪನಿ ಮನೆ ಯಾವ ಕರ್ಮಕ್ಕೆ? ನಿನ್ನೇನೇ ಹೇಳಿದ್ದೆ, ಸಾಮಾನೆಲ್ಲ ಆಚೆ ಬಂದಿರ್ಬೇಕು, ಸಂಜೆ ಬೀಗ ಜಡೀತೀನಿ."

ಡಾರ್ಕಸ್ ಸಾರೋಟಿನ ಕಿಟಕಿಗೆ ಮುಖ ಇಟ್ಟಳು. "ಧಣಿ, ನೀವಾದ್ರೂ ಒಂದು ಮಾತು..."

ಪೆಲ್ ಮೂಗಿಗೆ ಕರವಸ್ತ್ರ ಒತ್ತಿದ. "ಬ್ಯಾಗ್ಲಿ, ಹೊರಡಿಸು. ಬಿಷಪ್ಪರು ಊಟಕ್ಕೆ ಕಾಯ್ತಿದ್ದಾರೆ."

ಡಾರ್ಕಸ್ ಹೋಗಿ ಹಗ್ಗದ ಮುಂದಿನ ತುದಿ ಹಿಡಿದಳು. ತುದಿ ಹಿಡಿದವರು ಹೋದದ್ದೇ ದಾರಿ. ಹಿಂದಿನವರಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ.

ಇಳಿಜಾರಿನ ಕವಲಿನಲ್ಲಿ ಅವಳು ಬಲಕ್ಕೆ ತಿರುಗಿದಳು.

"ಅಕ್ಕಾ, ಬಂಗಲೆ ಎಡಕ್ಕಲ್ವಾ? ಇದು ನಮ್ ಓಣಿ ದಾರಿ." ಹಿಂದಿದ್ದ ಕುಲುಮೆಯ ಟೋಬಿ ಕೇಳಿದ.

"ಗೊತ್ತು ಕಣೋ. ನಿನ್ ಕಾಲು ನೋಡ್ಕೊಂಡು ಓಡು."

ಟೋಬಿಗೆ ಅರ್ಥವಾಯಿತು. ಹೊಟ್ಟೆಯೊಳಗಿಂದ ನಗು ಉಕ್ಕಿತು. "ಬಿಗಿ ಹಿಡೀರ್ರೋ, ಇವತ್ತು ಅಕ್ಕನ ಸವಾರಿ." ನಗು ಹಗ್ಗದುದ್ದಕ್ಕೂ ಬೆನ್ನಿಂದ ಬೆನ್ನಿಗೆ ದಾಟಿತು. ಇಳಿಜಾರು ಕಡಿದಾದಂತೆ ಸಾರೋಟೇ ಇವರನ್ನು ಅಟ್ಟಿಸಿಕೊಂಡು ಬಂತು. ಯಾರೋ ಬಾಯಿಗೆ ಬಂದ ಪದ ಶುರು ಮಾಡಿದರು, ಕೋಳಿಗಳು ಹಾರಿ ಸೂರು ಸೇರಿದವು, ಒಬ್ಬಳು ಒಗೆದ ಚಡ್ಡಿಯನ್ನೇ ಬಾವುಟ ಮಾಡಿ ಬೀಸಿದಳು. ಜನ ತನಗೇ ಜೈಕಾರ ಹಾಕುತ್ತಿದ್ದಾರೆಂದು ಪೆಲ್ ಟೋಪಿ ಎತ್ತಿ ಎತ್ತಿ ತೋರಿಸಿದ. ಬ್ಯಾಗ್ಲಿ ಹಿಂದೆ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದ.

ಕುಲುಮೆಯಿಂದ ತಂದು ಸುರಿದ ಕಿಟ್ಟದ ರಾಶಿಗಳ ಹಿಂದಿನ ಓಣಿಗೆ ನುಗ್ಗಿದ ಸಾರೋಟು ಎರಡು ಗೋಡೆಗಳ ನಡುವೆ ಕಿರ್ರನೆ ಉಜ್ಜಿ ನಿಂತಿತು. ಎರಡು ಬಾಗಿಲೂ ಗೋಡೆಗೆ ಒತ್ತಿಕೊಂಡಿದ್ದವು.

"ಬಾಗಿಲು ತೆಗೀರೋ. ಇದ್ಯಾವ ಜಾಗ?" ಪೆಲ್ ಮುಂದಿನ ಕಿಟಕಿಯಿಂದ ಕೇಳಿದ.

"ನಿಮ್ದೇ ಧಣಿ, ಕಂಪನಿ ಮನೆಗಳು," ಎಂದಳು ಡಾರ್ಕಸ್. "ಕೊನೇದು ನಮ್ದು. ಸಂಜೆಗೆ ಸಾಮಾನು ತೆಗೀಬೇಕಂತೆ. ಇರೋದು ಒಂದೇ ದಾರಿ, ನೀವು ಅಡ್ಡ ಕೂತಿದ್ದೀರ."

ಸಾರೋಟಿನ ಆಚೆಯಿಂದ ಬ್ಯಾಗ್ಲಿ ಕಿರುಚಿದ. "ಹಿಂದಕ್ಕೆ ತಳ್ರೋ, ಮುಂಡೇವಾ."

ಯಾರೂ ಅಲುಗಲಿಲ್ಲ. ಟೋಬಿ ಹೊಸಿಲ ಮೇಲೆ ಕೂತು ಬೂಟು ಕಳಚಿದ. ಡಾರ್ಕಸ್ ಹಗ್ಗ ಬಿಚ್ಚಿ ಸಾರೋಟಿನ ನೆತ್ತಿ ಮೇಲಿಂದ ಆಚೆಗೆ ಎಸೆದಳು. "ನೀವೇ ಎಳ್ಕೊಳಿ ಮೇಸ್ತ್ರಿ. ಪ್ರೀತಿಯಿಂದ."

ಹಗ್ಗ ಬ್ಯಾಗ್ಲಿಯ ಕಾಲ ಬಳಿ ಬಿತ್ತು.

"ಎಳಿ, ಬ್ಯಾಗ್ಲಿ," ಎಂದ ಪೆಲ್.

ಬ್ಯಾಗ್ಲಿ ಸಾರೋಟಿನ ಹಿಂಬದಿಗೆ ಕಟ್ಟಿದ ಹಗ್ಗ ಬಿಗಿಯಿತು. ಮೇಸ್ತ್ರಿ ಮುಕ್ಕಿರಿಯುವುದು ಕೇಳಿಸಿತು. ಚಕ್ರ ಮಿಸುಕಲಿಲ್ಲ. ಓಣಿ ಬಿದ್ದು ಬಿದ್ದು ನಗುವಾಗ ಡಾರ್ಕಸ್ ಒಳಗೆ ಹೋಗಿ, ಗಂಟು ಕಟ್ಟಿಟ್ಟಿದ್ದ ಹಾಸಿಗೆ ಬಿಚ್ಚಿ ಹಾಸಿದಳು.