ಡಬ್ಬಿಗೆ ಹೇಳಿದ್ದು

ಅರಿಮಾ ಊರಿನ ಆ ಬೀದಿಯಲ್ಲಿ ಓರಿಯಲ್‌ಳ ಕರಿ ಕೇಕಿಲ್ಲದೆ ಕ್ರಿಸ್ಮಸ್ ಆದದ್ದಿಲ್ಲ. ಈಸ್ಟರ್ ಮುಗಿದ ಮೇಲೆ ರಮ್ಮಿನಲ್ಲಿ ನೆನೆಹಾಕಿದ ದ್ರಾಕ್ಷಿ, ಚೆರ್ರಿ, ಒಣ ಪ್ಲಮ್ಮುಗಳು ದೊಡ್ಡ ಗಾಜಿನ ಜಾಡಿಯಲ್ಲಿ ಕಪ್ಪಗೆ ಊದಿಕೊಂಡು ಡಿಸೆಂಬರ್ ತನಕ ಕಾದಿರುತ್ತವೆ. ಆದರೆ ಕೇಕಿನ ಹಿಟ್ಟನ್ನು ಅವಳು ನಾಲಿಗೆಗೆ ತಾಗಿಸುವುದಿಲ್ಲ. ಪಕ್ಕದ ಮನೆಯ ವಿಲ್ಮಾ ಬಂದು ಒಂದು ಚಮಚ ಬಾಯಿಗೆ ಹಾಕಿಕೊಂಡು, "ಇನ್ನೊಂಚೂರು ಜಾಯಿಕಾಯಿ ಬೀಳ್ಲಿ" ಎಂದು ಹೇಳಿ ಹೋಗುತ್ತಾಳೆ. ನೀನೇ ಯಾಕೆ ರುಚಿ ನೋಡಬಾರದು ಎಂದು ವಿಲ್ಮಾ ಕೇಳಿದವಳಲ್ಲ. ಓರಿಯಲ್ ಒಂದು ಕಾಲದಲ್ಲಿ ಹೇಗೆ ಕುಡಿಯುತ್ತಿದ್ದಳು, ಯಾವ ಚರಂಡಿಯ ಪಕ್ಕದಿಂದ ಅವಳನ್ನು ಎಬ್ಬಿಸಿ ತಂದಿದ್ದರು, ಎಲ್ಲವೂ ಬೀದಿಗೆ ಗೊತ್ತು. ಕುಡಿತ ಬಿಟ್ಟ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಗೊತ್ತಿದ್ದೂ ಸುಮ್ಮನಿರುವುದು ಬೀದಿಯವರು ಅವಳಿಗೆ ಕೊಟ್ಟ ಮರ್ಯಾದೆ.

ಅಡುಗೆಮನೆಯ ಕಿಟಕಿಯಲ್ಲಿ ಒಂದು ಮಾತಾಡುವ ಡಬ್ಬಿಯಿತ್ತು, ಮಗಳು ಮೆರಿಸಾ ತಂದಿಟ್ಟದ್ದು. ಅಳತೆ ಕೇಳಿದರೆ ಹೇಳುತ್ತಿತ್ತು, ಹಾಡು ಹಾಕೆಂದರೆ ಹಾಕುತ್ತಿತ್ತು, ಮರುದಿನ ಬೆಳಿಗ್ಗೆ ಅವಳ ಗುರುತೇ ಇಲ್ಲದಂತೆ ಇರುತ್ತಿತ್ತು. ಓರಿಯಲ್‌ಗೆ ಅಷ್ಟು ಸಾಕಾಗಿತ್ತು. ಹೋದ ತಿಂಗಳು ಕಂಪನಿಯವರು ಅದಕ್ಕೆ ನೆನಪು ಸೇರಿಸಿದರು.

"ಮಮ್ಮಿ, ಇನ್ಮೇಲೆ ಹೇಳಿದ್ದೇ ಹೇಳೋದು ಬೇಡ. ಒಂದ್ಸಲ ಹೇಳಿದ್ರೆ ಯಾವತ್ತೂ ಮರೆಯಲ್ಲ," ಎಂದು ಮೆರಿಸಾ ಹಿಗ್ಗಿದ್ದಳು.

"ನಿಮ್ಮಪ್ಪನ ಅಕ್ಕಾನೂ ಏನೂ ಮರೀತಿರ್ಲಿಲ್ಲ," ಎಂದಿದ್ದಳು ಓರಿಯಲ್. "ಅವಳ ಮನೆ ಬಾಗ್ಲು ಯಾರು ತುಳೀತಿದ್ರು?"

ಒಂದು ಭಾನುವಾರ ಚರ್ಚು ಮುಗಿಸಿ ವಿಲ್ಮಾ ಬಂದಳು. ಜೊತೆಗೆ ಹೊಸ ಪಾದ್ರಿಯ ಹೆಂಡತಿ ಮಿಸೆಸ್ ಬ್ಯಾಸ್ಕಮ್ ಇದ್ದರು. ಊರಿಗೆ ಬಂದು ಇನ್ನೂ ಸರಿಯಾಗಿ ತಿಂಗಳಾಗಿರಲಿಲ್ಲ, ಚರ್ಚಿಗೆ ಕೇಕು ಹೇಳಿ ಹೋಗೋಣವೆಂದು ಬಂದಿದ್ದರು. ಓರಿಯಲ್ ಅವರ ಕೈಗೆ ಸೊರೆಲ್ ಹೂವಿನ ಕೆಂಪು ಪಾನಕ ಕೊಟ್ಟು ಬೆಣ್ಣೆ ಸಕ್ಕರೆ ಕಲಸುತ್ತ ನಿಂತಳು. ಕೈಯೆಲ್ಲ ಬೆಣ್ಣೆಯಾಗಿತ್ತು. ಡಬ್ಬಿಯ ಕಡೆ ತಿರುಗಿ, "ಈ ಸಲ ದೊಡ್ಡ ಕರಿ ಕೇಕು. ರಮ್ಮಿನ ಹಣ್ಣು ದುಪ್ಪಟ್ಟು. ಮೊಟ್ಟೆ ಎಷ್ಟು ಬೇಕು?" ಎಂದು ಕೇಳಿದಳು.

"ಹೇಳುವ ಮೊದಲು ಒಂದು ವಿಷಯ, ಓರಿಯಲ್," ಎಂದಿತು ಡಬ್ಬಿ. "ನಿಮಗೆ ಕುಡಿತದ ಚಟವಿರುವುದು ನನ್ನ ನೆನಪಿನಲ್ಲಿದೆ. ರಮ್ ಬದಲು ದ್ರಾಕ್ಷಿ ರಸ ಹಾಕೋಣವೇ? ಈಗ ನಿಮ್ಮ ಜೊತೆಯಲ್ಲಿ ಯಾರಾದರೂ ಇದ್ದಾರೆಯೇ?"

ಮಿಸೆಸ್ ಬ್ಯಾಸ್ಕಮ್ ಕೈಯಲ್ಲಿದ್ದ ಲೋಟದೊಳಗೆ ನೋಡತೊಡಗಿದರು.

"ಕೆಟ್ಟಿದೆ ಅದು," ಎಂದಳು ವಿಲ್ಮಾ ತಕ್ಷಣ. "ನಮ್ಮನೇದು ಮೊನ್ನೆ ನಂಗೆ ಗಡ್ಡ ಬೋಳಿಸೋ ಬ್ಲೇಡು ತಗೋ ಅಂತು. ನಾನೂ ಕನ್ನಡಿ ನೋಡ್ಕೊಂಡೆ."

ಪಾದ್ರಿಯ ಹೆಂಡತಿ ನಕ್ಕರು. ವಿಲ್ಮಾ ಜೊತೆ ಹೊರಡುವಾಗ ಓರಿಯಲ್‌ಳ ಭುಜ ಮುಟ್ಟಿ, "ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ, ಸಿಸ್ಟರ್," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಕೈ ಇದ್ದ ಜಾಗ ಸುಟ್ಟಂತಾಗಿ ಓರಿಯಲ್ ಅಲ್ಲಾಡದೆ ನಿಂತಳು.

ಹಿತ್ತಿಲಿನಿಂದ ಒಣಗಿದ ಬಟ್ಟೆ ಹೊತ್ತು ಮೆರಿಸಾ ಒಳಗೆ ಬಂದಾಗ ತಾಯಿ ಇನ್ನೂ ಹಾಗೆಯೇ ನಿಂತಿದ್ದಳು. ನಡೆದದ್ದನ್ನು ಹೇಳಿ, "ಇದರ ಹತ್ರ ನಾನು ಆ ಮಾತು ಯಾವತ್ತೂ ಆಡಿಲ್ಲ," ಎಂದಳು.

"ಮಷೀನು ಮಮ್ಮಿ. ಏನೋ ಊಹೆ ಮಾಡ್ಕೊಂಡಿರತ್ತೆ."

ಓರಿಯಲ್ ಡಬ್ಬಿಯನ್ನೇ ಕೇಳಿದಳು. "ನಿಂಗಿದನ್ನ ಹೇಳಿದ್ಯಾರು?"

"ಮೆರಿಸಾ ಹೇಳಿದರು. ರಮ್ಮಿನ ಸುದ್ದಿ ಬಂದರೆ ಅಮ್ಮನನ್ನು ತಡೆ, ನನಗೂ ತಿಳಿಸು ಎಂದಿದ್ದಾರೆ."

ಬಟ್ಟೆಯ ರಾಶಿ ಮೆರಿಸಾಳ ತೋಳಿನಿಂದ ಕುರ್ಚಿಗೆ ಜಾರಿತು. "ನಂಗೆ ಭಯ ಮಮ್ಮಿ. ನೀನು ಆ ಜಾಡಿ ಮುಚ್ಚಳ ತೆಗೆದ್ರೆ ನಾನು ಹಿತ್ತಿಲಿಗೆ ಹೋಗಿಬಿಡ್ತೀನಿ. ಸ್ಕೂಲಿಂದ ಬಂದ್ರೆ ನೀನು ನೆಲದ ಮೇಲೆ ಬಿದ್ದಿರ್ತಿದ್ದೆ. ನೀನು ಎದ್ದಿದೀಯ. ನಾನಿನ್ನೂ ಅಲ್ಲೇ ಬಾಗಿಲಲ್ಲಿ ನಿಂತಿದೀನಿ."

"ಹಂಗಿದ್ರೆ ಅದನ್ನ ನನ್ನ ಮುಖ ನೋಡಿ ಹೇಳ್ಬೇಕಿತ್ತು. ಬಾಯಿಗೆ ಬಂದಂಗೆ ಬೈಬೇಕಿತ್ತು. ಜಾಡಿ ತಗೊಂಡು ಬೀದಿಗೆ ಎಸೀಬೇಕಿತ್ತು." ಓರಿಯಲ್‌ಳ ಧ್ವನಿ ಏರಲಿಲ್ಲ. "ನನ್ನ ಅಡುಗೆಮನೇಲಿ ನನ್ನ ಮೇಲೇ ಕಾವಲಿಟ್ಟೆ. ಈ ಬೀದೀಲಿ ಹೊರಗಿನವ್ರೂ ಬಾಯಿ ಬಿಟ್ಟಿಲ್ಲ ಕಣೇ. ಹೊಟ್ಟೇಲಿ ಹುಟ್ಟಿದೋಳು ನೀನು."

"ಅದರ ನೆನಪಿಂದ ಅಳಿಸಿಬಿಡ್ತೀನಿ ಬಿಡು. ಒಂದು ನಿಮಿಷದ ಕೆಲಸ."

"ಯಾಕೆ ಅಳಿಸ್ತೀಯ? ನೀನು ಹೇಳಿದ್ದು ಸುಳ್ಳೇನಲ್ಲ. ಅರ್ಧ ಹೇಳಿದೀಯ. ಮಿಕ್ಕಿದ್ದನ್ನೂ ಅದಕ್ಕೆ ಹೇಳು. ನನ್ನೆದುರಿಗೆ ಹೇಳು."

ಮೆರಿಸಾ ಕಿಟಕಿಯ ಹತ್ತಿರ ಹೋಗಿ ಬಗ್ಗಿದಳು. "ನಮ್ಮಮ್ಮ ಕುಡಿಯೋದು ಬಿಟ್ಟಿದ್ದಾರೆ. ನೆನಪಿಟ್ಕೋ."

"ಸಂತೋಷದ ಸುದ್ದಿ," ಎಂದಿತು ಡಬ್ಬಿ. "ಯಾವಾಗಿನಿಂದ ಎಂದು ಬರೆದುಕೊಳ್ಳಲಿ?"

ತಾಯಿ ಬಿದ್ದ ಜಾಗಗಳೆಲ್ಲ ಮೆರಿಸಾಗೆ ಒಂದೊಂದಾಗಿ ನೆನಪಿದ್ದವು. ಕುಡಿತ ಬಿಟ್ಟು ಎದ್ದ ದಿನ ಯಾವುದೆಂದು ಅವಳು ಕೇಳಿಯೇ ಇರಲಿಲ್ಲ. ನಿಧಾನವಾಗಿ ಹಿಂದೆ ತಿರುಗಿದಳು.

"ಗೊತ್ತಿಲ್ಲ ಅಲ್ವಾ?" ಎಂದಳು ಓರಿಯಲ್. ಕುರ್ಚಿಯ ಮೇಲಿನ ಬಟ್ಟೆಯನ್ನೆಲ್ಲ ಬಾಚಿ ನೆಲಕ್ಕೆ ಹಾಕಿದಳು. "ಕೂತ್ಕೋ ಇಲ್ಲಿ. ಹೇಳ್ತೀನಿ. ನಿಂಗೆ ಹೇಳ್ತೀನಿ, ಅದಕ್ಕಲ್ಲ. ಮೊದಲು ಅದನ್ನ ಆರ್ಸು."