ಮರಿಯಮ್ಮನವರ ಪಟದ ಹಿಂದಿನ ಲಕೋಟೆ

ಎಲಾಯ್ ಇನ್ನಿಲ್ಲವೆಂಬ ಸುದ್ದಿ ಬಂದದ್ದು ಅವನು ಬೆಟ್ಟಕ್ಕೆ ಹೋದ ನಾಲ್ಕನೆಯ ದಿನ, ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ. ಶೋಧ ತಂಡದ ಎಸ್ಟೆಲಾ ಟೋಪಿಯನ್ನು ಕೈಯಲ್ಲಿ ಹಿಡಿದು ಚರ್ಚಿನ ಬಾಗಿಲಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಡೆಲ್ಫಿನಾಗೆ ಗಂಡನ ಸಂಗತಿ ತಿಳಿದುಹೋಯಿತು.

ಅವನು ಸಿಕ್ಕಿದ್ದು ದಕ್ಷಿಣದ ಕಣಿವೆಯಲ್ಲಿ, ಜಲಪಾತದ ಮೇಲಿನ ಕೆರೆಯ ದಡದಲ್ಲಿ. ಕಾಲು ಮುರಿದಿತ್ತು. ಎರಡು ರಾತ್ರಿ ಜೀವವಿತ್ತೆಂದು ವೈದ್ಯರು ಹೇಳಿದರು. ಆ ಎರಡು ದಿನವೂ ಊರಿಗೆ ಊರೇ ಉತ್ತರದ ಕಣಿವೆಯನ್ನು ಜಾಲಾಡುತ್ತಿತ್ತು.

ಟ್ರೌಟ್ ಮೀನು ಚೆನ್ನಾಗಿ ಕಚ್ಚುವ ಕೆರೆಯ ಹೆಸರನ್ನು ಆ ಊರಿನವರು ಹೆಂಡತಿಗೂ ಹೇಳುವುದಿಲ್ಲ. ಯಾರೂ ಬೆನ್ನು ಹತ್ತದಿರಲೆಂದು ಎಲಾಯ್ ಗಾಡಿಯನ್ನು ಉತ್ತರದ ದಾರಿಯಲ್ಲಿ ನಿಲ್ಲಿಸಿ, ದಿಣ್ಣೆ ದಾಟಿ ದಕ್ಷಿಣಕ್ಕೆ ಇಳಿದಿದ್ದ.

ಮರುವರ್ಷ ಬೇಸಿಗೆಯಲ್ಲಿ ಡೆಲ್ಫಿನಾಳ ತಮ್ಮ ಕಾಸಿಮಿರೋ ಗಾಳ ಸಿದ್ಧಮಾಡಿದ. ಅಕ್ಕ ಅವನ ಬುತ್ತಿಗೆ ಟೊರ್ಟಿಯಾ ರೊಟ್ಟಿ ಬೇಯಿಸುತ್ತಿದ್ದಳು. ಎಸ್ಟೆಲಾ ಕಾಫಿ ಕುಡಿಯುತ್ತ ಕೂತಿದ್ದಳು.

"ನಾಳೆ ಯಾವ ಕೆರೆಗೆ?" ಎಂದಳು ಡೆಲ್ಫಿನಾ.

"ಮೇಲಕ್ಕೆ."

"ಮೇಲಕ್ಕೆ ಅಂದ್ರೆ ಸ್ವರ್ಗಕ್ಕಾ? ಅವರೂ ಹಾಗೇ ಅಂದು ಹೋದ್ರು."

"ನಿನಗೆ ಹೇಳಿದ್ರೆ ಚರ್ಚಿನ ಹೆಂಗಸರಿಗೆಲ್ಲ ಹೇಳಿದ ಹಾಗೆ, ಅಕ್ಕ. ಮುಂದಿನ ವಾರ ಅಲ್ಲಿ ಸಂತೆ ಸೇರುತ್ತೆ. ನಲವತ್ತು ವರ್ಷ ತುಳಿದ ದಾರಿ ನನಗೆ ಗೊತ್ತಿಲ್ವಾ?"

"ಎಲಾಯ್ ಮಾವನಿಗೂ ದಾರಿ ಗೊತ್ತಿತ್ತು," ಎಂದಳು ಎಸ್ಟೆಲಾ. "ಗೊತ್ತಿಲ್ಲದೆ ಇದ್ದದ್ದು ನಮಗೆ."

"ಮೊಬೈಲ್ ಇದೆಯಲ್ಲ."

"ಆ ಕಣಿವೇಲಿ ಅದು ಬರೀ ಗಡಿಯಾರ, ಮಾವ." ಅವಳು ಚೀಲದಿಂದ ಒಂದು ಲಕೋಟೆ ತೆಗೆದಳು. "ಯಾರಿಗೂ ಹೇಳ್ಬೇಡಿ. ಬರೆದಿಡಿ. ಯಾವ ಕೆರೆ, ಯಾವ ದಾರಿ, ಗಾಡಿ ಎಲ್ಲಿರುತ್ತೆ, ಎಷ್ಟು ಹೊತ್ತಿಗೆ ವಾಪಸು. ಅಂಟಿಸಿಬಿಡಿ. ಹೊತ್ತಿಗೆ ಬಂದ್ರೆ ಒಡೆಯದೆ ಒಲೆಗೆ ಹಾಕಿ. ಬರದಿದ್ರೆ ಅತ್ತೆ ಒಡೆದು ನೋಡಿ ನಮಗೆ ಫೋನ್ ಮಾಡ್ತಾರೆ."

"ಇವಳು ಹಬೆ ಹಿಡಿದು ಬಿಚ್ಚಿದ್ರೆ?"

"ಮರಿಯಮ್ಮನವರ ಪಟದ ಹಿಂದೆ ಇಡ್ತೀನಿ ಕಣೋ," ಎಂದಳು ಡೆಲ್ಫಿನಾ. "ಅಲ್ಲಿ ಕಳ್ಳತನ ಮಾಡ್ತೀನಾ?"

ಕಾಸಿಮಿರೋ ಬೆನ್ನು ತಿರುಗಿಸಿ, ಕೈ ಮರೆ ಮಾಡಿಕೊಂಡು ಬರೆದ. ಅಂಟಿಸಿದ ಮೇಲೆ ಎರಡು ಸುತ್ತು ಟೇಪು ಹಾಕಿ, ಹೊರಗೆ 'ವಾಪಸು ಸಂಜೆ ಐದಕ್ಕೆ' ಎಂದಷ್ಟೇ ಬರೆದ.

ಮರುದಿನ ಮಧ್ಯಾಹ್ನ ಬೆಟ್ಟದ ಮೇಲೆ ಗುಡುಗಿತು. ಡೆಲ್ಫಿನಾ ಜಪಮಾಲೆ ಹಿಡಿದು ಪಟದ ಮುಂದೆ ಕೂತಳು. ಈ ಸಲ ಕೆರೆಯ ಹೆಸರು ಮನೆಯಲ್ಲೇ ಇತ್ತು, ಕೈಗೆಟಕುವಷ್ಟು ಹತ್ತಿರ. ಐದು ಗಂಟೆಯ ತನಕ ಕಾಯಬೇಕು, ಅಷ್ಟೇ.

ಐದಕ್ಕೆ ಹತ್ತು ನಿಮಿಷ ಇರುವಾಗ ಕಾಸಿಮಿರೋ ತೊಯ್ದು ತೊಪ್ಪೆಯಾಗಿ ಬಂದ. ಮೀನು ಕೆಳಗಿಡುವ ಮೊದಲೇ ಹೋಗಿ ಟೇಪು ನೋಡಿದ. ಹಾಗೆಯೇ ಇತ್ತು. ಲಕೋಟೆಯನ್ನು ಒಲೆಯವರೆಗೆ ತಂದವನು ಅಕ್ಕನ ಕಣ್ಣುಗಳನ್ನು ನೋಡಿ ನಿಂತ. ಮತ್ತೆ ಅದನ್ನು ಪಟದ ಹಿಂದೆಯೇ ಇಟ್ಟ.

"ಇರಲಿ, ಅಕ್ಕ. ನಾನು ಯಾವಾಗ್ಲೂ ಹೋಗೋದು ಅಲ್ಲಿಗೇ."

ಬೆಟ್ಟ ಹತ್ತುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಕೆರೆ ನಿಮ್ಮ ಗುಟ್ಟಾಗಿಯೇ ಇರಲಿ. ಹೊರಡುವ ಮುನ್ನ ನಾಲ್ಕು ಸಾಲು ಬರೆದು ಮನೆಯಲ್ಲಿಡಿ. ದಾರಿ ಬದಲಾದರೆ ಹೊಸದಾಗಿ ಬರೆಯಿರಿ. ಬರೆದ ಕಡೆಗೇ ಹೋಗಿ.

ಕರುಣಾಮಯನಾದ ಪ್ರಭುವೇ, ಹುಡುಕುವವರ ದನಿ ಕೇಳದೆ ಆ ನೀರಿನ ದಡದಲ್ಲಿ ಕಣ್ಣುಮುಚ್ಚಿದ ನಿನ್ನ ಸೇವಕ ಎಲಾಯ್‌ನನ್ನು ನೀನು ಕಂಡೆ. ಅವನ ಆತ್ಮಕ್ಕೆ ನಿನ್ನಲ್ಲಿ ಶಾಂತಿ ಕೊಡು. ಆಮೆನ್.